ಗಾಳಿಯನ್ನು ಕೂಡಿಟ್ಟ ಉಪಾಧ್ಯಾಯ

1895ನೆಯ ಇಸವಿಯಲ್ಲಿ ಡೆನ್ಮಾರ್ಕ್ ದೇಶದ ಅಸ್ಕೊವ್ ಎಂಬ ಹಳ್ಳಿಯ ವಿದ್ಯಾಶಾಲೆಯೊಂದರಲ್ಲಿ ಹೊಸ ಬಗೆಯ ದೀಪಗಳು ಉರಿಯತೊಡಗಿದವು. ಅವುಗಳಿಗೆ ಸೀಮೆಎಣ್ಣೆ ಬೇಕಿರಲಿಲ್ಲ, ಕಲ್ಲಿದ್ದಲೂ ಬೇಕಿರಲಿಲ್ಲ. ಶಾಲೆಯ ಬಳಿ ನಿಂತಿದ್ದ ಗಾಳಿಯಂತ್ರವು ವಿದ್ಯುತ್ತನ್ನು ಹುಟ್ಟಿಸುತ್ತಿತ್ತು; ಆ ವಿದ್ಯುತ್ತು ನೀರನ್ನು ಒಡೆದು ಜಲಜನಕ ಮತ್ತು ಆಮ್ಲಜನಕಗಳಾಗಿ ಬೇರ್ಪಡಿಸುತ್ತಿತ್ತು; ಹೀಗೆ ದೊರೆತ ಜಲಜನಕವು ಕೊಳವೆಗಳಲ್ಲಿ ಹರಿದು ಬಂದು ಶಾಲೆಯನ್ನು ಬೆಳಗುತ್ತಿತ್ತು. ಇಂದು ಹಸಿರು ಜಲಜನಕವೆಂಬ ಹೆಸರಿನಲ್ಲಿ ರಾಷ್ಟ್ರಗಳು ಅರಸುತ್ತಿರುವುದು ಇದನ್ನೇ. ಇದನ್ನು ಅಂದೇ ಮಾಡಿ ತೋರಿಸಿದವನು ಆ ಶಾಲೆಯ ಉಪಾಧ್ಯಾಯ ಪೌಲ್ ಲಾ ಕೂರ್.

ಲಾ ಕೂರ್ ಜನಿಸಿದುದು 1846ನೆಯ ಏಪ್ರಿಲ್ 13ರಂದು, ಜಟ್ಲಂಡ್ ಪರ್ಯಾಯದ್ವೀಪದ ಪೂರ್ವ ತೀರದಲ್ಲಿರುವ ಎಬೆಲ್ಟಾಫ್ಟ್ ಪಟ್ಟಣದ ಸಮೀಪದಲ್ಲಿ. ಭೌತಶಾಸ್ತ್ರವನ್ನೂ ಹವಾಶಾಸ್ತ್ರವನ್ನೂ ವ್ಯಾಸಂಗ ಮಾಡಿದ ಈತನಿಗೆ, 1872ರಲ್ಲಿ ಡೆನ್ಮಾರ್ಕಿನ ಹವಾಶಾಸ್ತ್ರ ಸಂಸ್ಥೆ ಸ್ಥಾಪಿತವಾದಾಗ, ಅಲ್ಲಿ ಉಪನಿರ್ದೇಶಕನ ಪದವಿ ದೊರೆಯಿತು. ಆಗ ಅವನಿಗೆ ಇನ್ನೂ ಇಪ್ಪತ್ತಾರು ವರ್ಷ. ತಂತಿ ವಾರ್ತೆಯ ವಿಷಯದಲ್ಲಿಯೂ ಅವನ ಬುದ್ಧಿ ಚುರುಕಾಗಿ ಓಡಿತು. ಶ್ರುತಿಕವೆಯ ಕಂಪನದಿಂದ ಒಂದೇ ವೇಗದಲ್ಲಿ ತಿರುಗುವ ಧ್ವನಿಚಕ್ರವನ್ನು 1875ರಲ್ಲಿ ನಿರ್ಮಿಸಿದನು. ದೂರದೂರದ ಎರಡು ಯಂತ್ರಗಳನ್ನು ಹೆಜ್ಜೆ ತಪ್ಪದಂತೆ ಜೊತೆಯಾಗಿ ನಡೆಸಲು ಇದರಿಂದ ಸಾಧ್ಯವಾಯಿತು. ಇದೇ ದಾರಿಯಲ್ಲಿ ಮುಂದುವರಿದಿದ್ದರೆ ಧನವೂ ರಾಜಧಾನಿಯ ಗೌರವವೂ ಅವನ ಪಾಲಿಗೆ ಬರುತ್ತಿದ್ದುವೆಂದು ಊಹಿಸಬಹುದು. ಆದರೆ 1878ರಲ್ಲಿ ಅವನು ಕೋಪನ್‌ಹೇಗನ್ನನ್ನು ತೊರೆದು ಅಸ್ಕೊವ್‌ಗೆ ಉಪಾಧ್ಯಾಯನಾಗಿ ಹೊರಟನು.

ಈ ಶಾಲೆಯ ಹಿನ್ನೆಲೆಯನ್ನು ಅರಿಯದೆ ಲಾ ಕೂರನನ್ನು ಅರಿಯಲಾಗದು. 1864ರ ಯುದ್ಧದಲ್ಲಿ ಪ್ರಷ್ಯ ಮತ್ತು ಆಸ್ಟ್ರಿಯಗಳಿಗೆ ಸೋತ ಡೆನ್ಮಾರ್ಕ್ ದಕ್ಷಿಣದ ಸೀಮೆಗಳನ್ನು ಕಳೆದುಕೊಂಡಿತು. ರೋಡಿಂಗ್ ಎಂಬಲ್ಲಿದ್ದ ಜನತಾ ಪ್ರೌಢಶಾಲೆಯೂ ಆ ಸೀಮೆಯೊಡನೆ ಕೈಬಿಟ್ಟುಹೋಯಿತು. ಅದರ ಅಧ್ಯಾಪಕರು ಹೊಸ ಗಡಿಯನ್ನು ದಾಟಿ ಬಂದು 1865ರಲ್ಲಿ ಅಸ್ಕೊವ್‌ನಲ್ಲಿ ಶಾಲೆಯನ್ನು ತೆರೆದರು. ಗ್ರುಂಟ್‌ವಿಗ್ ಎಂಬ ಪಾದ್ರಿ-ಕವಿಯ ಕಲ್ಪನೆಯಿಂದ ಹುಟ್ಟಿದ ಈ ಬಗೆಯ ಶಾಲೆಗಳಲ್ಲಿ ಪರೀಕ್ಷೆಯ ಕಾಟವಿರಲಿಲ್ಲ. ವಯಸ್ಸಿಗೆ ಬಂದ ರೈತರ ಮಕ್ಕಳು ಚಳಿಗಾಲದ ಬಿಡುವಿನಲ್ಲಿ ಅಲ್ಲಿಯೇ ವಾಸಮಾಡಿ ಚರಿತ್ರೆ, ಸಾಹಿತ್ಯ, ವಿಜ್ಞಾನಗಳನ್ನು ಕೇಳಿ ತಿಳಿದು ಮತ್ತೆ ಹೊಲಕ್ಕೆ ಮರಳುತ್ತಿದ್ದರು. ನಮ್ಮವರಿಗೂ ಈ ಶಾಲೆಗಳು ತೀರ ಅಪರಿಚಿತವಲ್ಲ. ಮೈಸೂರು ಸೀಮೆಯಲ್ಲಿ ವಯಸ್ಕರ ಶಿಕ್ಷಣ ಸಮಿತಿಯವರು ನಂಜನಗೂಡು ಮೊದಲಾದೆಡೆ ನಡೆಸಿದ ವಿದ್ಯಾಪೀಠಗಳಿಗೆ ಡೆನ್ಮಾರ್ಕಿನ ಈ ಪ್ರಯೋಗವೇ ಮಾದರಿ.

ಲಾ ಕೂರ್ ಗಣಿತವನ್ನು ಸೂತ್ರಗಳಿಂದ ಆರಂಭಿಸದೆ ಅದರ ಚರಿತ್ರೆಯಿಂದ ಆರಂಭಿಸಿ ಕಲಿಸಿದನು. ಮಾನವನು ಯಾವ ತೊಡಕಿನಿಂದ ಯಾವ ಸತ್ಯಕ್ಕೆ ಬಂದನೆಂಬುದನ್ನು ತೋರಿಸಿದರೆ ರೈತನ ಮಗನಿಗೂ ಅದು ಎಟುಕುವುದೆಂಬುದು ಅವನ ನಂಬಿಕೆ. ಆ ಪಾಠಗಳು 1881ರಲ್ಲಿ ಪುಸ್ತಕವಾಗಿ ಹೊರಬಂದವು. ಇಂದಿನ ಗಣಿತದ ಅಧ್ಯಾಪಕರೂ ಈ ಕ್ರಮವನ್ನು ಒಮ್ಮೆ ಪರೀಕ್ಷಿಸಿ ನೋಡಬಹುದಾಗಿದೆ.

ಅವನನ್ನು ಕಾಡುತ್ತಿದ್ದ ಚಿಂತೆ ಮಾತ್ರ ಬೇರೆ. ಆ ಕಾಲಕ್ಕೆ ಪಟ್ಟಣಗಳಿಗೆ ವಿದ್ಯುತ್ತು ಬರತೊಡಗಿತ್ತು. ಕಾರ್ಖಾನೆಗಳೂ ಪಟ್ಟಣಗಳಲ್ಲೇ ಬೆಳೆಯುತ್ತಿದ್ದುವು. ಹೇಳಿಕೊಳ್ಳುವಷ್ಟು ಕಲ್ಲಿದ್ದಲಿಲ್ಲದ ದೇಶದಲ್ಲಿ, ಹಳ್ಳಿಗೆ ಆ ಶಕ್ತಿ ಎಂದು ಮುಟ್ಟೀತು? ಮುಟ್ಟದಿದ್ದರೆ ಹಳ್ಳಿಯ ಯುವಕ ಊರಲ್ಲಿ ಉಳಿದಾನೆ? ಡೆನ್ಮಾರ್ಕಿನಲ್ಲಿ ಧಾರಾಳವಾಗಿ ಇದ್ದದ್ದು ಗಾಳಿಯೊಂದೇ. 1891ರಲ್ಲಿ ಸರ್ಕಾರದ ನೆರವು ಪಡೆದು ಅವನು ಅಸ್ಕೊವ್‌ನಲ್ಲಿ ಪ್ರಯೋಗದ ಗಾಳಿಯಂತ್ರವನ್ನು ಕಟ್ಟಿಸಿದನು.

ಗಾಳಿಯಿಂದ ಡೈನಮೋ ತಿರುಗಿಸುವುದು ಸುಲಭದ ಮಾತಲ್ಲ. ಬಿರುಗಾಳಿ ಬೀಸಿದರೆ ವೇಗ ಮಿತಿಮೀರುತ್ತದೆ. ಗಾಳಿ ಸೋತರೆ ಡೈನಮೋ ನಿದ್ರಿಸುತ್ತದೆ. ಮೊದಲನೆಯ ತೊಡಕಿಗಾಗಿ ಲಾ ಕೂರ್ ಪಟ್ಟಿ, ತೂಕ, ರಾಟೆಗಳ ಸಹಾಯದಿಂದ ಎಳೆತವನ್ನು ಸಮಪಡಿಸುವ ಸಾಧನವೊಂದನ್ನು ರಚಿಸಿ, ಅದಕ್ಕೆ ಕ್ರಾಟೊಸ್ಟಾಟ್ ಎಂದು ಹೆಸರಿಟ್ಟನು. ಎರಡನೆಯ ತೊಡಕು ಇನ್ನೂ ಗಹನವಾದದ್ದು. ಗಾಳಿ ಬೀಸಿದ ದಿನದ ಶಕ್ತಿಯನ್ನು ಬೀಸದ ದಿನಕ್ಕೆ ಉಳಿಸಿಡುವುದು ಹೇಗೆ? ವಿದ್ಯುತ್ತನ್ನು ತುಂಬಿಡುವ ಸಂಚಯಕಗಳು ಆಗ ಬಹು ದುಬಾರಿ. ಆದ್ದರಿಂದ ಅವನು ನೀರಿನತ್ತ ತಿರುಗಿದನು.

ಈ ಘಟ್ಟದಲ್ಲಿ ಅವನಿಗೆ ನೆರವಾದದ್ದು ಪರದೇಶದ ವಿದ್ಯೆ. ಇಟಲಿಯ ಪೊಂಪೆಯೊ ಗಾರುತಿ ಎಂಬ ವಿಜ್ಞಾನಿ ವಿದ್ಯುತ್ತಿನಿಂದ ನೀರನ್ನು ವಿಭಜಿಸುವ ಉಪಕರಣವನ್ನು ರೂಪಿಸಿದ್ದನು. ಲಾ ಕೂರ್ ಅವನೊಡನೆ ಸಹಕರಿಸಿ ಆ ವಿಧಾನವನ್ನು ತನ್ನ ಗಾಳಿಯಂತ್ರಕ್ಕೆ ಹೊಂದಿಸಿಕೊಂಡನು. ದಕ್ಷಿಣದ ಉಪಕರಣಕ್ಕೂ ಉತ್ತರದ ಗಾಳಿಗೂ ಹೀಗೆ ನಂಟು ಬೆಳೆಯಿತು. ಜಲಜನಕವನ್ನು ಕೂಡಿಡಲು 12 ಘನ ಮೀಟರಿನ ತೊಟ್ಟಿಯೊಂದಿತ್ತು. 1895ರಿಂದ 1902ರವರೆಗೆ, ಗಾಳಿ ಬೀಸಲಿ ಬಿಡಲಿ, ಶಾಲೆಯು ಒಂದು ದಿನವೂ ಕತ್ತಲಲ್ಲಿ ಕೂರಲಿಲ್ಲ.

ಅಪಾಯವಿರಲಿಲ್ಲವೆಂದಲ್ಲ. ಜಲಜನಕದೊಳಗೆ ಸ್ವಲ್ಪ ಆಮ್ಲಜನಕ ಬೆರೆತರೂ ಸಾಕು, ಕಿಡಿಯೊಂದಕ್ಕೆ ಅದು ಸಿಡಿಯಬಲ್ಲದು. ಹಾಗೆಯೇ ಆಯಿತು. ಸ್ಫೋಟಗಳಿಂದ ಒಡೆದುಹೋದ ಶಾಲಾ ಕಟ್ಟಡಗಳ ಕಿಟಕಿಗಳಿಗೆ ಹೊಸ ಗಾಜು ಹಾಕಿಸಬೇಕಾಯಿತು. ಮಕ್ಕಳನ್ನು ನಂಬಿ ಕಳುಹಿಸಿದ ತಂದೆತಾಯಿಗಳ ಮುಂದೆ ಉಪಾಧ್ಯಾಯನ ಎದೆ ನಡುಗದೆ ಇದ್ದೀತೇ? ಆದರೂ ಪ್ರಯೋಗ ನಿಲ್ಲಲಿಲ್ಲ.

ಇದೇ ಅವಧಿಯಲ್ಲಿ ಲಾ ಕೂರ್ ಗಾಳಿಯ ಕೊಳವೆಯೊಂದನ್ನು ನಿರ್ಮಿಸಿ, ರೆಕ್ಕೆಗಳ ಸಣ್ಣ ಮಾದರಿಗಳನ್ನು ಅದರ ಮುಂದಿಟ್ಟು ಅಳೆದನು. ವಿದ್ಯುತ್ತಿಗಾಗಿಯಾದರೆ ಹಲವು ರೆಕ್ಕೆಗಳ ನಿಧಾನದ ಚಕ್ರಕ್ಕಿಂತ ಕೆಲವೇ ರೆಕ್ಕೆಗಳ ವೇಗದ ಚಕ್ರವೇ ಮೇಲೆಂಬುದು ಅವನಿಗೆ ಕಂಡುಬಂದಿತು. ಇಂದು ನಮ್ಮ ಚಿತ್ರದುರ್ಗ, ಗದಗಗಳ ಗುಡ್ಡಗಳ ಮೇಲೆ ತಿರುಗುತ್ತಿರುವ ಮೂರು ರೆಕ್ಕೆಯ ಯಂತ್ರಗಳನ್ನು ಕಂಡವರು ಈ ಮಾತಿನ ಅರ್ಥವನ್ನು ಕಣ್ಣಾರೆ ಕಂಡಂತೆಯೇ.

1902ರಲ್ಲಿ ಅವನು ಜಲಜನಕದ ದೀಪಗಳನ್ನು ಕೈಬಿಟ್ಟನು. ಸಂಚಯಕಗಳೂ ವಿದ್ಯುದ್ದೀಪಗಳೂ ಅಷ್ಟರಲ್ಲಿ ಸುಧಾರಿಸಿದ್ದುವು. ನೀರನ್ನು ಒಡೆಯುವಾಗ ಶಕ್ತಿಯ ಒಂದು ಭಾಗ ಶಾಖವಾಗಿ ಸೋರಿಹೋಗುತ್ತದೆ. ಇಂದಿನ ಉತ್ತಮ ಯಂತ್ರಗಳಲ್ಲಿ ಕೂಡ ಒಂದು ಕಿಲೋಗ್ರಾಂ ಜಲಜನಕಕ್ಕೆ ಸುಮಾರು 50 ಯೂನಿಟ್ ವಿದ್ಯುತ್ತು ಬೇಕು. ಅದರಿಂದ ಹಿಂದೆ ಪಡೆಯಬಹುದಾದ ಶಕ್ತಿ ಸುಮಾರು 33 ಯೂನಿಟ್ ಮಾತ್ರ. ಏಳು ವರ್ಷ ಸಾಕಿದ ಪ್ರಯೋಗವನ್ನು ಬಿಡುವುದು ಸಂಶೋಧಕನಿಗೆ ಸಣ್ಣ ನೋವಲ್ಲ. ಆದರೆ ಲಾ ಕೂರನ ನಿಷ್ಠೆ ಜಲಜನಕದ ಮೇಲಿರಲಿಲ್ಲ, ಹಳ್ಳಿಯ ಮೇಲಿತ್ತು. ಇದನ್ನು ಅವನ ಸೋಲೆಂದು ಬರೆಯುವವರೊಡನೆ ನನ್ನ ಸಮ್ಮತಿಯಿಲ್ಲ.

ಮರುವರ್ಷವೇ, 1903ರಲ್ಲಿ, ಡೆನ್ಮಾರ್ಕಿನ ಗಾಳಿ-ವಿದ್ಯುತ್ ಸಂಘವು ಅವನ ಮುಂದಾಳುತನದಲ್ಲಿ ಹುಟ್ಟಿತು. ಹಳ್ಳಿಯ ಯುವಕರನ್ನು ವಿದ್ಯುತ್ ಕೆಲಸಗಾರರನ್ನಾಗಿ ತರಬೇತು ಮಾಡುವ ತರಗತಿಗಳು ಅಸ್ಕೊವ್‌ನಲ್ಲಿ ನಡೆದವು. 1908ನೆಯ ಏಪ್ರಿಲ್ 24ರಂದು ಅವನು ತೀರಿಕೊಂಡಾಗ ವಯಸ್ಸು ಅರವತ್ತೆರಡು. ಅವನು ಹಾಕಿದ ಬೀಜ ಮಾತ್ರ ಬೆಳೆಯುತ್ತ ಹೋಯಿತು; ಮೊದಲ ಮಹಾಯುದ್ಧ ಮುಗಿಯುವ ವೇಳೆಗೆ, 1918ರಲ್ಲಿ, ಡೆನ್ಮಾರ್ಕಿನ ಸುಮಾರು 120 ಗ್ರಾಮೀಣ ವಿದ್ಯುತ್ ಕೇಂದ್ರಗಳಲ್ಲಿ ಗಾಳಿಯಂತ್ರಗಳಿದ್ದುವು. ಅವನ ತರಗತಿಯಲ್ಲಿ ಕುಳಿತಿದ್ದ ಯೊಹಾನೆಸ್ ಯೂಲ್ ಎಂಬ ಶಿಷ್ಯನು, ಗುರು ಕಣ್ಮರೆಯಾಗಿ ಅರ್ಧ ಶತಮಾನ ಕಳೆಯುತ್ತಿದ್ದ ಹೊತ್ತಿಗೆ, 1957ರಲ್ಲಿ ಗೆಡ್ಸರ್ ಎಂಬಲ್ಲಿ ಮೂರು ರೆಕ್ಕೆಯ 200 ಕಿಲೋವಾಟ್ ಯಂತ್ರವನ್ನು ನಿಲ್ಲಿಸಿದನು.

ಕೈಬಿಟ್ಟ ಜಲಜನಕವೂ ಈಗ ಮರಳಿ ಬಂದಿದೆ. 2020ರಲ್ಲಿ ಭಾರತವೂ ಡೆನ್ಮಾರ್ಕೂ ಹಸಿರು ಸಹಯೋಗದ ಒಪ್ಪಂದಕ್ಕೆ ಬಂದವು. 2022ರಲ್ಲಿ ಹಸಿರು ಇಂಧನಗಳ, ಅದರಲ್ಲೂ ಹಸಿರು ಜಲಜನಕದ, ಸಂಶೋಧನೆಯನ್ನು ಜೊತೆಗೂಡಿ ನಡೆಸಲು ಎರಡೂ ದೇಶದವರು ಸಮ್ಮತಿಸಿದರು. ಉಕ್ಕಿನ ಕುಲುಮೆ, ಗೊಬ್ಬರದ ಕಾರ್ಖಾನೆ, ಸಾಗರದ ಹಡಗುಗಳಿಗೆ ಸಂಚಯಕ ಸಾಲದೆಂಬುದೇ ಈ ಮರುಹುಟ್ಟಿಗೆ ಕಾರಣ. ಅವರೆದುರಿನ ಲೆಕ್ಕ ಇಂದಿಗೂ ಅದೇ: ಶಕ್ತಿಯ ಸೋರಿಕೆ ಎಷ್ಟು, ತೊಟ್ಟಿ ಎಷ್ಟು ಭದ್ರ, ವೆಚ್ಚವನ್ನು ಹೊರುವವರು ಯಾರು. ಅಸ್ಕೊವ್‌ನ ಗಾಳಿಯಂತ್ರವು 1929ರಲ್ಲಿ ಬೆಂಕಿಗೆ ಸಿಕ್ಕಿತು. ಆ ಸ್ಥಳದಲ್ಲಿ ಈಗ ಉಪಾಧ್ಯಾಯನ ಹೆಸರಿನ ವಸ್ತುಸಂಗ್ರಹಾಲಯವಿದೆ.