ಇದ್ದಿಲ ಮುಖವಾಡದ ಜೆಲಿನ್‌ಸ್ಕಿ

ಮಕ್ಕಳೇ, ಗದಗಿನ ಮುದ್ರಣಾಲಯಗಳ ಮುಂದೆ ಹಾಯ್ದು ಹೋಗುವಾಗ ಶಾಯಿಯ ಘಾಟು ಮೂಗಿಗೆ ಬಡಿದಿದೆಯೇ? ಶಾಯಿ, ಬಣ್ಣ, ಪೆಟ್ರೋಲುಗಳಿಂದ ಏಳುವ ಇಂಥವು ಸಾವಯವ ಆವಿಗಳು, ಅಂದರೆ ಇಂಗಾಲದ ಸಂಯುಕ್ತಗಳ ಆವಿಗಳು. ಇವುಗಳಲ್ಲಿ ಹಲವು ಆರೋಗ್ಯಕ್ಕೆ ಹಾನಿಕರ. ಇವನ್ನು ಗಾಳಿಯಿಂದ ತೆಗೆಯಲು ವಿಶೇಷವಾಗಿ ಸಿದ್ಧಪಡಿಸಿದ ಇದ್ದಿಲನ್ನು ಬಳಸುತ್ತಾರೆ. ಅದೇ ಇದ್ದಿಲನ್ನು ಮುಖವಾಡಕ್ಕೆ ಜೋಡಿಸಿ ಎಷ್ಟೋ ಸೈನಿಕರ ಜೀವ ಉಳಿಸಿದವರು ರಷ್ಯಾದ ರಸಾಯನ ವಿಜ್ಞಾನಿ ನಿಕೊಲಾಯ್ ಜೆಲಿನ್‌ಸ್ಕಿ.

ಅವರು ಹುಟ್ಟಿದ್ದು 1861ರಲ್ಲಿ, ತಿರಾಸ್ಪೋಲ್ ಎಂಬ ಊರಿನಲ್ಲಿ. ಚಿಕ್ಕಂದಿನಲ್ಲೇ ತಂದೆ ತಾಯಿಯನ್ನು ಕಳೆದುಕೊಂಡ ಅವರನ್ನು ಅಜ್ಜಿ ಸಾಕಿದರು. ಒಡೆಸ್ಸಾದಲ್ಲಿ ಪದವಿ ಮುಗಿಸಿ ಜರ್ಮನಿಗೆ ಹೋದರು. ಅಲ್ಲಿ ಬೇರೊಂದು ವಸ್ತುವನ್ನು ತಯಾರಿಸಲು ಹೊರಟಾಗ ನಡುವೆ ಎಣ್ಣೆಯಂಥ ದ್ರವವೊಂದು ದೊರೆಯಿತು. ಅದು ತಗುಲಿ ಚರ್ಮ ಸುಟ್ಟು, ತರುಣ ಜೆಲಿನ್‌ಸ್ಕಿ ಆಸ್ಪತ್ರೆ ಸೇರಬೇಕಾಯಿತು. 1917ರಲ್ಲಿ ರಣರಂಗಕ್ಕೆ ಇಳಿದ ಮಸ್ಟರ್ಡ್ ಗ್ಯಾಸ್ ಎಂಬ ಭಯಾನಕ ವಿಷ ಅದೇ!

ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಜರ್ಮನ್ ಸೇನೆ ಕ್ಲೋರಿನ್ ಅನಿಲವನ್ನು ಹರಿಯಬಿಟ್ಟಿತು. ಸೈನಿಕರಿಗೆ ಇದ್ದ ರಕ್ಷಣೆಯೆಂದರೆ ಮದ್ದಿನ ನೀರಿನಲ್ಲಿ ನೆನೆಸಿದ ಬಟ್ಟೆ. ಒಂದು ವಿಷಕ್ಕೆ ಒಂದು ಮದ್ದು. ಶತ್ರು ವಿಷ ಬದಲಿಸಿದರೆ ಬಟ್ಟೆ ನಿಷ್ಪ್ರಯೋಜಕ. ಹಲವು ವಿಷಗಳನ್ನು ಹಿಡಿಯಬಲ್ಲ ವಸ್ತು ಯಾವುದು? ಜೆಲಿನ್‌ಸ್ಕಿಯವರಿಗೆ ಹೊಳೆದದ್ದು ಇದ್ದಿಲು. ಮದ್ಯಸಾರದ ಕಲ್ಮಶ ತೆಗೆಯಲು ಅದನ್ನು ಆಗಲೇ ಬಳಸುತ್ತಿದ್ದರು.

ಇದ್ದಿಲನ್ನು ಮತ್ತೆ ಚೆನ್ನಾಗಿ ಕಾಸಿದರೆ ಒಳಗಿನ ಸೂಕ್ಷ್ಮ ರಂಧ್ರಗಳು ತೆರೆದುಕೊಳ್ಳುತ್ತವೆ. ಇದೇ ಸಕ್ರಿಯ ಇದ್ದಿಲು. ಇದರ ಒಂದೇ ಗ್ರಾಂನಲ್ಲಿ ರಂಧ್ರಗಳ ಗೋಡೆಗಳೆಲ್ಲ ಸೇರಿ 500 ಚದರ ಮೀಟರಿಗೂ ಹೆಚ್ಚು ಮೇಲ್ಮೈ ಇರಬಲ್ಲದು. ಅಂದರೆ ಮೂರು ವಾಲಿಬಾಲ್ ಅಂಕಣಗಳಷ್ಟು! ಆವಿಯ ಕಣಗಳು ಆ ಗೋಡೆಗಳಿಗೆ ಅಂಟಿಕೊಳ್ಳುತ್ತವೆ. ಇದಕ್ಕೆ ಅಧಿಶೋಷಣೆ ಎನ್ನುತ್ತಾರೆ. ಗೋಡೆ ತುಂಬಿತೋ, ಇದ್ದಿಲು ಬದಲಿಸಲೇಬೇಕು. ಆದರೆ ಕಾರ್ಬನ್ ಮೋನಾಕ್ಸೈಡ್‌ನಂಥ ಕೆಲವು ಅನಿಲಗಳು ಇದಕ್ಕೆ ಸಿಕ್ಕುವುದಿಲ್ಲ.

ಮುಚ್ಚಿದ ಕೋಣೆಯಲ್ಲಿ ಗಂಧಕ ಸುಟ್ಟು, ಆ ಹೊಗೆಯಲ್ಲಿ ಇದ್ದಿಲು ಕಟ್ಟಿದ ಕರವಸ್ತ್ರದ ಮೂಲಕ ಉಸಿರಾಡಿ ಪರೀಕ್ಷಿಸಿದರು. (ನೀವು ಖಂಡಿತ ಇದನ್ನು ಮಾಡಬೇಡಿ!) ಬಳಿಕ ಕುಮ್ಮಂತ್ ಎಂಬ ಎಂಜಿನಿಯರರು ರೂಪಿಸಿದ ರಬ್ಬರ್ ಮುಖವಾಡಕ್ಕೆ ಇದ್ದಿಲಿನ ಡಬ್ಬಿ ಜೋಡಿಸಲಾಯಿತು. 1916ರಲ್ಲಿ ಅದು ರಷ್ಯಾದ ಸೈನಿಕರ ಕೈಸೇರಿತು.

ಜೀವ ಉಳಿಸುವ ಈ ಸಾಧನಕ್ಕೆ ಜೆಲಿನ್‌ಸ್ಕಿ ಪೇಟೆಂಟ್ ಪಡೆಯಲಿಲ್ಲ. ಯುದ್ಧದ ನಂತರವೂ ಮಾಸ್ಕೋದಲ್ಲಿ ಪಾಠ, ಸಂಶೋಧನೆ ಮುಂದುವರಿಸಿ, 1953ರಲ್ಲಿ, 92ನೆಯ ವಯಸ್ಸಿನಲ್ಲಿ ನಿಧನರಾದರು. ಚಂದ್ರನ ಆಚೆ ಬದಿಯ ಒಂದು ಕುಳಿಗೆ ಅವರ ಹೆಸರಿಟ್ಟಿದ್ದಾರೆ.