ಕೈಜಾರಿದ ಹಾಳೆ ಮತ್ತು ಆರ್ಮ್‌ಸ್ಟ್ರಾಂಗ್ ಕಂಠ

1926ರ ಫೆಬ್ರುವರಿ 26. ಅಮೆರಿಕದ ಷಿಕಾಗೊದಲ್ಲಿ ಓಕೆ ರೆಕಾರ್ಡ್ಸ್ ಸಂಸ್ಥೆಗಾಗಿ ‘ಹೀಬಿ ಜೀಬೀಸ್’ ಗೀತೆಯ ಧ್ವನಿಮುದ್ರಣ ನಡೆದಿತ್ತು. ಹಾಡುತ್ತಿದ್ದವರು ಲೂಯಿ ಆರ್ಮ್‌ಸ್ಟ್ರಾಂಗ್. ನಡುವೆ ಸಾಹಿತ್ಯದ ಹಾಳೆ ಕೈಜಾರಿ ನೆಲಕ್ಕೆ ಬಿತ್ತು. ಹಾಡು ನಿಲ್ಲಿಸಿದರೆ ಮುದ್ರಣ ವ್ಯರ್ಥ. ಬಾಯಿಗೆ ಬಂದ ಅರ್ಥವಿಲ್ಲದ ಅಕ್ಷರಗಳನ್ನೇ ಲಯಕ್ಕೆ ಕೂಡಿಸಿ ಅವರು ಹಾಡು ಮುಗಿಸಿದರು. ಜಾಝ್ ಸಂಗೀತದ ಸ್ಕ್ಯಾಟ್ ಗಾಯನ ಹುಟ್ಟಿದ್ದು ಹೀಗೆ ಎಂಬುದು ಜನಜನಿತ ಕಥೆ. ಸ್ವತಃ ಆರ್ಮ್‌ಸ್ಟ್ರಾಂಗ್ ಅವರೇ ಇದನ್ನು ಹೇಳಿಕೊಂಡಿದ್ದರಾದರೂ ಅವರ ಜೀವನವೃತ್ತಾಂತ ಬೇರೆಯದನ್ನೇ ಸೂಚಿಸುತ್ತದೆ.

ತಮ್ಮ ಜನ್ಮದಿನವನ್ನು ಅವರು 1900ರ ಜುಲೈ 4 ಎಂದೇ ಹೇಳುತ್ತಿದ್ದರು. ಅಮೆರಿಕದ ಸ್ವಾತಂತ್ರ್ಯ ದಿನ! ಅವರ ಮರಣಾನಂತರ ದೊರೆತ ದೀಕ್ಷಾಸ್ನಾನದ ದಾಖಲೆಯ ಪ್ರಕಾರ ಜನನ 1901ರ ಆಗಸ್ಟ್ 4ರಂದು, ನ್ಯೂ ಆರ್ಲಿಯನ್ಸ್‌ನಲ್ಲಿ. ಕಡುಬಡತನದ ಬಾಲ್ಯ. ಯೆಹೂದಿ ಕುಟುಂಬವೊಂದರ ಗುಜರಿ ಮತ್ತು ಕಲ್ಲಿದ್ದಲು ಗಾಡಿಯಲ್ಲಿ ದುಡಿಮೆ. ಸಂಜೆಯಾದರೆ ಓರಗೆಯ ಹುಡುಗರೊಡನೆ ನಾಲ್ವರ ತಂಡ ಕಟ್ಟಿಕೊಂಡು ಬೀದಿಯಲ್ಲಿ ಹಾಡಿ ಚಿಲ್ಲರೆ ಕಾಸು ಸಂಪಾದನೆ. ಪದವಿಲ್ಲದೆ ಹಾಡುವ ಆಟ ಆ ಬೀದಿಗಳಿಗೆ ಹೊಸದಾಗಿರಲಿಲ್ಲ.

1912ರ ಕೊನೆಯ ರಾತ್ರಿ ಹೊಸ ವರ್ಷದ ಸಂಭ್ರಮದಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿದ ಬಾಲಕ ಬಂಧನಕ್ಕೊಳಗಾದ. ಕಪ್ಪು ಬಾಲಕರ ಸುಧಾರಣಾಲಯಕ್ಕೆ ಕಳುಹಿಸಲ್ಪಟ್ಟದ್ದು ಶಿಕ್ಷೆಯಾಗಿಯೇ. ಆದರೆ ಕಾರ್ನೆಟ್ ಎಂಬ ಗಾಳಿವಾದ್ಯ ಕ್ರಮಬದ್ಧವಾಗಿ ಕೈಗೆ ಹತ್ತಿದ್ದು ಅಲ್ಲಿಯೇ. ಮುಂದೆ ಗುರುಸಮಾನರಾದ ಕಿಂಗ್ ಆಲಿವರ್ 1922ರಲ್ಲಿ ಷಿಕಾಗೊಗೆ ಕರೆಸಿಕೊಂಡರು. 1924ರಲ್ಲಿ ನ್ಯೂಯಾರ್ಕ್‌ನ ಫ್ಲೆಚರ್ ಹೆಂಡರ್ಸನ್ ತಂಡ, ಮರುವರ್ಷ ತಮ್ಮದೇ ‘ಹಾಟ್ ಫೈವ್’.

ಅವರಿಗಿಂತ ಮೊದಲೇ ಈ ಬಗೆಯ ಗಾಯನ ಮುದ್ರಣಗೊಂಡಿತ್ತು. 1911ರಲ್ಲಿ ಜೀನ್ ಗ್ರೀನ್, 1923ರಲ್ಲಿ ಕ್ಲಿಫ್ ಎಡ್ವರ್ಡ್ಸ್, 1924ರಲ್ಲಿ ಹೆಂಡರ್ಸನ್ ತಂಡದ ಡಾನ್ ರೆಡ್ಮನ್ ಹಾಡಿದ್ದುಂಟು. ಪಿಯಾನೊ ವಾದಕ ಜೆಲ್ಲಿ ರೋಲ್ ಮಾರ್ಟನ್ ಇದರ ಶ್ರೇಯವನ್ನು ಮಿಸಿಸಿಪ್ಪಿಯ ಜೋ ಸಿಮ್ಸ್ ಎಂಬ ಹಾಸ್ಯಗಾರನಿಗೆ ನೀಡಿದ್ದರು. ಜಾಝ್ ಅನ್ನೇ ತಾನು ಸೃಷ್ಟಿಸಿದ್ದಾಗಿ ಹೇಳಿಕೊಂಡಿದ್ದ ಮಾರ್ಟನ್, ಇದೊಂದನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟದ್ದು ಗಮನಾರ್ಹ.

ಹಾಗಾದರೆ ಆರ್ಮ್‌ಸ್ಟ್ರಾಂಗ್ ಸಾಧನೆಯೇನು? ಹಿಂದಿನವರಲ್ಲಿ ಬಹುಮಟ್ಟಿಗೆ ವಿನೋದವಾಗಿದ್ದುದನ್ನು ಅವರು ಸಂಗೀತವಾಗಿಸಿದರು. ಕಾರ್ನೆಟ್‌ನಲ್ಲಿ ಸ್ವರಗಳನ್ನು ಎಳೆದು, ತಡೆದು, ತಾಳಕ್ಕಿಂತ ಕೊಂಚ ಹಿಂದೆ ಉಳಿದು ನುಡಿಸುತ್ತಿದ್ದ ಕ್ರಮವೇ ಕಂಠಕ್ಕೂ ಇಳಿಯಿತು. ‘ಹೀಬಿ ಜೀಬೀಸ್’ ಜನಪ್ರಿಯವಾದ ಬಳಿಕ ಇತರ ಗಾಯಕರೂ ಇದೇ ಹಾದಿ ಹಿಡಿದರು. ಎಲ್ಲಾ ಫಿಟ್ಜೆರಾಲ್ಡ್ ಅದನ್ನು ಮತ್ತಷ್ಟು ಬೆಳೆಸಿದರು. 1928ರ ‘ವೆಸ್ಟ್ ಎಂಡ್ ಬ್ಲೂಸ್’ನಲ್ಲಿ ಕ್ಲಾರಿನೆಟ್ ನುಡಿಗೆ ಆರ್ಮ್‌ಸ್ಟ್ರಾಂಗ್ ಪದವಿಲ್ಲದ ದನಿಯಲ್ಲೇ ಉತ್ತರಿಸುತ್ತಾರೆ. ಅಲ್ಲಿ ಯಾವ ಹಾಳೆಯೂ ಕೈಜಾರಿರಲಿಲ್ಲ.

1971ರ ಜುಲೈ 6ರಂದು ಅವರು ನಿಧನರಾದರು. ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ ಅವರು ದಶಕಗಳ ಕಾಲ ಬಾಳಿದ ಸಾಧಾರಣ ಮನೆ 2003ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು.