ಹೆಪ್ಪಿನ ಜಾಡು ಹಿಡಿದ ರುಡಾಲ್ಫ್ ವಿರ್ಚೋ

ಒಂಬತ್ತನೇ ತರಗತಿಯ ವಿಜ್ಞಾನ ಪಾಠದಲ್ಲಿ ರುಡಾಲ್ಫ್ ವಿರ್ಚೋ ಅವರಿಗೆ ಸಿಕ್ಕಿರುವುದು ಹೆಚ್ಚೆಂದರೆ ಒಂದು ವಾಕ್ಯ. ಷ್ಲೀಡನ್ 1838, ಷ್ವಾನ್ 1839, ವಿರ್ಚೋ 1855 ಎಂದು ಮಕ್ಕಳು ಇಸವಿಗಳನ್ನು ಬಾಯಿಪಾಠ ಮಾಡುತ್ತಾರೆ. ಜೀವಕೋಶಗಳು ಮೊದಲೇ ಇದ್ದ ಜೀವಕೋಶಗಳಿಂದಲೇ ಹುಟ್ಟುತ್ತವೆ ಎಂದವರು ಇವರು ಎಂದು ಬರೆದು ಒಂದು ಅಂಕ ಪಡೆಯುತ್ತಾರೆ. ಆದರೆ ಅದಕ್ಕೂ ಸುಮಾರು ಹತ್ತು ವರ್ಷ ಮೊದಲು, ಇಪ್ಪತ್ತೈದರ ಹರೆಯದಲ್ಲಿ ವಿರ್ಚೋ ಬರ್ಲಿನ್ನಿನ ಶವಪರೀಕ್ಷೆಯ ಮೇಜಿನ ಮುಂದೆ ಮಾಡಿದ ಕೆಲಸವೊಂದಿದೆ. ಕೋವಿಡ್ ದಿನಗಳಲ್ಲಿ ನಮ್ಮಲ್ಲಿ ಮನೆಮಾತಾದ ಡಿ-ಡೈಮರ್ ಎಂಬ ರಕ್ತಪರೀಕ್ಷೆ ಏನನ್ನು ಹುಡುಕುತ್ತದೆ ಎಂದು ತಿಳಿಯಬೇಕಾದರೆ ಆ ಕೆಲಸದಿಂದಲೇ ಶುರುಮಾಡುವುದು ಒಳ್ಳೆಯದು.

ವಿರ್ಚೋ ಹುಟ್ಟಿದ್ದು 1821ರ ಅಕ್ಟೋಬರ್ 13ರಂದು, ಪ್ರಷ್ಯದ ಪೊಮೆರೇನಿಯ ಪ್ರಾಂತದ ಷೀವೆಲ್‌ಬೈನ್ ಎಂಬ ಸಣ್ಣ ಪಟ್ಟಣದಲ್ಲಿ. ಅದು ಈಗ ಪೋಲೆಂಡಿಗೆ ಸೇರಿದೆ. ತಂದೆತಾಯಿಗೆ ಒಬ್ಬನೇ ಮಗ. ಸೇನೆಗೆ ವೈದ್ಯರನ್ನು ತಯಾರು ಮಾಡುತ್ತಿದ್ದ ಬರ್ಲಿನ್ನಿನ ಸಂಸ್ಥೆಯೊಂದರಲ್ಲಿ ಸರ್ಕಾರಿ ನೆರವು ಸಿಕ್ಕಿ 1839ರಲ್ಲಿ ವೈದ್ಯಶಿಕ್ಷಣಕ್ಕೆ ಸೇರಿದರು. 1843ರಲ್ಲಿ ಪದವಿ ಪಡೆದು, ಶಾರಿಟೆ ಆಸ್ಪತ್ರೆಯಲ್ಲಿ ಫ್ರೋರೀಪ್ ಎಂಬ ಹಿರಿಯರ ಕೈಕೆಳಗೆ ಶವಪರೀಕ್ಷೆಯ ಕೆಲಸಕ್ಕೆ ನಿಂತರು.

ಆಗ ಯುರೋಪಿನ ವೈದ್ಯಲೋಕದಲ್ಲಿ ಪ್ಯಾರಿಸ್ಸಿನ ಕ್ರುವೇಲ್ಯೇ ಅವರ ಮಾತಿಗೆ ಬಹಳ ತೂಕವಿತ್ತು. ಅಭಿಧಮನಿಯ ಉರಿಯೂತವೇ ಹೆಚ್ಚಿನ ರೋಗಗಳ ಬುಡ, ಹೆಪ್ಪು ಅದರ ಫಲ ಎಂಬುದು ಅವರ ಮತ. ಈ ಮತವನ್ನು ಪರೀಕ್ಷಿಸಿ ನೋಡುವ ಕೆಲಸ ವಿರ್ಚೋ ಅವರ ಪಾಲಿಗೆ ಬಂತು. ಶವಗಳಲ್ಲಿ ಅವರಿಗೆ ಕಂಡದ್ದು ಬೇರೆಯೇ ಚಿತ್ರ. ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ಹೆಪ್ಪು ಕೂತಿದೆ, ಆದರೆ ಸುತ್ತಲಿನ ಗೋಡೆಯಲ್ಲಿ ಉರಿಯೂತದ ಗುರುತಿಲ್ಲ. ಅದೇ ಶವದ ಕಾಲಿನ ಅಥವಾ ಕಿಬ್ಬೊಟ್ಟೆಯ ಅಭಿಧಮನಿಯಲ್ಲಿ ಇನ್ನೊಂದು ಹೆಪ್ಪು ಇದೆ, ಅದರ ತುದಿ ಮುರಿದಂತಿದೆ. ಹಾಗಾದರೆ ಶ್ವಾಸಕೋಶದ ಹೆಪ್ಪು ಅಲ್ಲೇ ಹುಟ್ಟಿದ್ದೋ, ಬೇರೆಡೆಯಿಂದ ಬಂದದ್ದೋ? ಕಾಲಿನಿಂದ ಕಳಚಿದ ತುಂಡು ರಕ್ತದ ಜೊತೆ ಹೃದಯದ ಬಲಭಾಗವನ್ನು ದಾಟಿ ಶ್ವಾಸಕೋಶದಲ್ಲಿ ಸಿಕ್ಕಿಕೊಂಡಿರಬೇಕು ಎಂದು ಅವರು ಊಹಿಸಿದರು.

ಊಹೆಯಲ್ಲಿ ನಿಲ್ಲಲಿಲ್ಲ ಎಂಬುದೇ ಇಲ್ಲಿ ಮುಖ್ಯ. ನಾಯಿಗಳ ಕುತ್ತಿಗೆಯ ಅಭಿಧಮನಿಯೊಳಗೆ ಹೆಪ್ಪಿನ ತುಂಡು, ಸ್ನಾಯುವಿನ ಚೂರು, ರಬ್ಬರ್ ತುಂಡು ಇವನ್ನೆಲ್ಲ ಬಿಟ್ಟು ನೋಡಿದರು. ಅವು ಶ್ವಾಸಕೋಶದ ಅಪಧಮನಿಯ ಕವಲುಗಳಲ್ಲಿ ಸಿಕ್ಕವು. ರಬ್ಬರ್ ಏಕೆ ಎಂದು ತರಗತಿಯಲ್ಲಿ ಕೇಳಬಹುದಾದ ಪ್ರಶ್ನೆ ಇದು. ಹೆಪ್ಪಾದರೆ ಶ್ವಾಸಕೋಶದಲ್ಲೇ ಹುಟ್ಟಿತು ಎಂದು ವಾದಿಸಬಹುದು. ರಬ್ಬರ್ ಯಾವ ಪ್ರಾಣಿಯ ದೇಹದಲ್ಲೂ ಹುಟ್ಟುವುದಿಲ್ಲ, ಅದು ಪ್ರಯಾಣ ಮಾಡಿಯೇ ಬಂದಿರಬೇಕು. ಪ್ರಯೋಗದ ವಿನ್ಯಾಸವನ್ನು ಕಲಿಸಲು ಇಷ್ಟು ಸರಳ ಉದಾಹರಣೆ ನನಗೆ ಬೇರೆ ಕಂಡಿಲ್ಲ. ಪ್ರಾಣಿಗಳ ಮೇಲೆ ಇಂಥ ಪ್ರಯೋಗ ಸರಿಯೇ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ, ಆ ಚರ್ಚೆಗೂ ಸಮಯ ಇಟ್ಟುಕೊಳ್ಳಬೇಕು.

1846ರಿಂದ ಈ ಫಲಿತಾಂಶಗಳು ಅಚ್ಚಾದವು. ಇದ್ದಲ್ಲೇ ಕಟ್ಟುವ ಹೆಪ್ಪಿಗೆ ಥ್ರಾಂಬಸ್, ಕಳಚಿ ಹೋಗಿ ಇನ್ನೊಂದು ಕಡೆ ಅಡ್ಡವಾಗುವುದಕ್ಕೆ ಎಂಬೋಲಸ್ ಎಂಬ ವಿಂಗಡಣೆ ವೈದ್ಯಶಾಸ್ತ್ರದಲ್ಲಿ ನೆಲೆನಿಂತದ್ದು ವಿರ್ಚೋ ಅವರಿಂದ. ಹೆಪ್ಪಿನ ದಾರವಾದ ಫೈಬ್ರಿನ್ ಹರಿಯುವ ರಕ್ತದಲ್ಲಿ ದಾರವಾಗಿರುವುದಿಲ್ಲ. ಅದರ ಕರಗಿದ ಪೂರ್ವರೂಪಕ್ಕೆ ಫೈಬ್ರಿನೋಜನ್ ಎಂಬ ಹೆಸರು ಬಂದದ್ದೂ ಅವರಿಂದಲೇ. ರಕ್ತದ ಹರಿವು ನಿಧಾನವಾಗುವುದು, ನಾಳದ ಗೋಡೆಗೆ ಪೆಟ್ಟಾಗುವುದು, ರಕ್ತವೇ ಬದಲಾಗುವುದು ಎಂಬ ಮೂರು ಕಾರಣಗಳು ಈಗ ವಿರ್ಚೋ ತ್ರಿಕ ಎಂದು ಪ್ರಸಿದ್ಧ. ಆ ಹೆಸರು ಅಂಟಿಕೊಂಡದ್ದು ಮಾತ್ರ ಅವರು ತೀರಿಕೊಂಡು ದಶಕಗಳು ಕಳೆದ ಮೇಲೆ.

ಮುರಿದ ತುದಿಯನ್ನು ವಿರ್ಚೋ ಶವದಲ್ಲಿ ಮಾತ್ರ ಕಾಣಬಲ್ಲವರಾಗಿದ್ದರು. ಬದುಕಿರುವವರ ರಕ್ತದಲ್ಲಿ ಅದರ ಸುಳಿವು ಹಿಡಿಯುವ ಡಿ-ಡೈಮರ್ ಪರೀಕ್ಷೆ ರೋಗಿಗಳ ಬಳಕೆಗೆ ಬರಲು 1980ರ ದಶಕದವರೆಗೆ ಕಾಯಬೇಕಾಯಿತು. ಹೆಪ್ಪು ಕಟ್ಟುವಾಗ ಫೈಬ್ರಿನ್ ದಾರಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಕೆಲಸ ಮುಗಿದ ಮೇಲೆ ಪ್ಲಾಸ್ಮಿನ್ ಎಂಬ ಕಿಣ್ವ ಅವನ್ನು ಕತ್ತರಿಸುತ್ತದೆ. ಬೆಸುಗೆ ಮಾತ್ರ ಬಿಡುವುದಿಲ್ಲ, ಡಿ ಎಂಬ ಎರಡು ತುಂಡುಗಳು ಜೋಡಿಯಾಗಿಯೇ ರಕ್ತಕ್ಕೆ ಬೀಳುತ್ತವೆ. ಅದೇ ಡಿ-ಡೈಮರ್. ಅದು ಹೆಚ್ಚಿದೆ ಎಂದರೆ ದೇಹದಲ್ಲಿ ಎಲ್ಲೋ ಹೆಪ್ಪು ಕಟ್ಟಿ ಕರಗುತ್ತಿದೆ ಎಂದಷ್ಟೇ ಅರ್ಥ. ಎಲ್ಲಿ, ಏಕೆ ಎಂದು ಅದು ಹೇಳುವುದಿಲ್ಲ. ಗರ್ಭಿಣಿಯರಲ್ಲಿ, ಸೋಂಕಿನಲ್ಲಿ, ಶಸ್ತ್ರಚಿಕಿತ್ಸೆಯ ನಂತರ, ವಯಸ್ಸಾದವರಲ್ಲಿ ಅದು ಏರುತ್ತದೆ. ಅಪಾಯದ ಲಕ್ಷಣ ಕಡಿಮೆ ಇರುವವರಲ್ಲಿ ಅದು ಮಿತಿಯೊಳಗಿದ್ದರೆ ದೊಡ್ಡ ಹೆಪ್ಪು ಇಲ್ಲವೆಂದು ವೈದ್ಯರು ಸಾಕಷ್ಟು ಧೈರ್ಯದಿಂದ ಹೇಳಬಲ್ಲರು, ಪರೀಕ್ಷೆಯ ನಿಜವಾದ ಉಪಯೋಗ ಇಲ್ಲಿದೆ. ವರದಿಯಲ್ಲಿ ಸಂಖ್ಯೆ ಹೆಚ್ಚಿದ್ದ ಮಾತ್ರಕ್ಕೆ ಗಾಬರಿಯಾದ ಮನೆಗಳು 2021ರಲ್ಲಿ ಎಷ್ಟೋ ಇದ್ದವು. ಪಾಠಯೋಜನೆಯಲ್ಲಿ ಈ ವ್ಯತ್ಯಾಸಕ್ಕೆ ಐದು ನಿಮಿಷ ಕೊಟ್ಟರೆ ವ್ಯರ್ಥವಾಗದು.

1848ರ ಫೆಬ್ರವರಿಯಲ್ಲಿ ಸರ್ಕಾರ ವಿರ್ಚೋ ಅವರನ್ನು ಟೈಫಸ್ ಹಬ್ಬಿದ್ದ ಅಪ್ಪರ್ ಸೈಲೀಸಿಯಕ್ಕೆ ಕಳಿಸಿತು. ಔಷಧದ ಪಟ್ಟಿ ನಿರೀಕ್ಷಿಸಿದ್ದವರಿಗೆ ಸಿಕ್ಕ ವರದಿಯಲ್ಲಿ ಇದ್ದದ್ದು ಶಿಕ್ಷಣ, ಸ್ವಾತಂತ್ರ್ಯ, ರಸ್ತೆ, ಅಲ್ಲಿನ ಜನರ ಪೋಲಿಷ್ ಭಾಷೆಗೆ ಮನ್ನಣೆ. ಅದೇ ಮಾರ್ಚ್‌ನಲ್ಲಿ ಬರ್ಲಿನ್ನಿನಲ್ಲಿ ಕ್ರಾಂತಿ ಎದ್ದಾಗ ಅವರೂ ಬೀದಿಗಿಳಿದರು. ಸರ್ಕಾರದ ಕಣ್ಣು ಕೆಂಪಾಯಿತು, ಮರುವರ್ಷ ವ್ಯೂರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯಕ್ಕೆ ಹೋದರು. 1856ರಲ್ಲಿ ಪ್ರಾಧ್ಯಾಪಕರಾಗಿ ಬರ್ಲಿನ್ನಿಗೆ ಮರಳಿ, 1858ರಲ್ಲಿ ಜೀವಕೋಶ ರೋಗಶಾಸ್ತ್ರದ ಉಪನ್ಯಾಸಗಳನ್ನು ಪುಸ್ತಕವಾಗಿ ತಂದರು.

ಪಠ್ಯದ ಆ ಒಂದು ವಾಕ್ಯದ ಬಗ್ಗೆಯೂ ಹೇಳಬೇಕು. ಜೀವಕೋಶ ವಿಭಜನೆಯಿಂದಲೇ ಹೊಸ ಜೀವಕೋಶ ಬರುತ್ತದೆ ಎಂದು 1852ರಲ್ಲೇ ಪ್ರಕಟಿಸಿದವರು ಬರ್ಲಿನ್ನಿನವರೇ ಆದ ರಾಬರ್ಟ್ ರೆಮಾಕ್. ಯಹೂದಿಯಾಗಿದ್ದ ಕಾರಣಕ್ಕೆ ಅವರಿಗೆ ಪೂರ್ಣ ಪ್ರಾಧ್ಯಾಪಕ ಹುದ್ದೆ ಸಿಗಲೇ ಇಲ್ಲ. ನಮ್ಮ ಪಟ್ಟಿಯಲ್ಲಿ ಅವರ ಹೆಸರಿಲ್ಲ, ಸೇರಿಸಿಕೊಂಡು ಹೇಳುವುದು ನ್ಯಾಯ. ಹೆಪ್ಪಿನ ವಿಷಯದಲ್ಲಿ ಅಷ್ಟು ತೆರೆದ ಕಣ್ಣಿನವರಾಗಿದ್ದ ವಿರ್ಚೋ, ಹೆರಿಗೆ ವಾರ್ಡಿನಲ್ಲಿ ಕೈ ತೊಳೆಯಬೇಕೆಂದ ಸೆಮ್ಮೆಲ್‌ವೈಸ್ ಅವರ ಮಾತನ್ನು ಒಪ್ಪಲಿಲ್ಲ. ರೋಗಾಣುಗಳ ವಾದವನ್ನೂ ಬಹುಕಾಲ ಅನುಮಾನದಿಂದಲೇ ನೋಡಿದರು. ಆದರೂ 1859ರಿಂದ ಕೊನೆಯವರೆಗೆ ಬರ್ಲಿನ್ ನಗರಸಭೆಯಲ್ಲಿದ್ದು ಒಳಚರಂಡಿಗಾಗಿ ಹೋರಾಡಿದವರೂ ಅವರೇ. ಶಾಲಾ ಶಿಕ್ಷಕರ ನೆರವಿನಿಂದ ಜರ್ಮನಿಯ 67 ಲಕ್ಷಕ್ಕೂ ಹೆಚ್ಚು ಮಕ್ಕಳ ಕಣ್ಣು, ಕೂದಲು, ಚರ್ಮದ ಬಣ್ಣ ಬರೆಯಿಸಿ, ಶುದ್ಧ ಜನಾಂಗ ಎಂಬುದಿಲ್ಲ ಎಂದು ತೋರಿಸಿದರು.

1902ರ ಜನವರಿಯಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಬರ್ಲಿನ್ನಿನ ಲೈಪ್‌ಸಿಗರ್ ಬೀದಿಯಲ್ಲಿ ಚಲಿಸುತ್ತಿದ್ದ ಟ್ರಾಮಿನಿಂದ ಇಳಿಯಲು ಹೋಗಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಮೂಳೆ ಮುರಿದು ಮಲಗಿದವರ ಕಾಲಿನಲ್ಲಿ ಹೆಪ್ಪು ಕಟ್ಟದಂತೆ ಇಂದು ಆಸ್ಪತ್ರೆಯಲ್ಲಿ ಔಷಧ ಕೊಡುತ್ತಾರೆ. ಆಗ ಅಂಥದ್ದು ಇರಲಿಲ್ಲ. ಅವರು ಪೂರ್ತಿ ಚೇತರಿಸಿಕೊಳ್ಳಲಿಲ್ಲ. ಅದೇ ವರ್ಷ ಸೆಪ್ಟೆಂಬರ್ 5ರಂದು ಹೃದಯ ಸೋತು ತೀರಿಕೊಂಡರು.